ಎಲ್ಲಿಗೆ ಅಂತ ಕೇಳಬಾರದು

ಮನೆಯಿಂದ ಹೊರಟವರನ್ನು 'ಎಲ್ಲಿಗೆ' ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಯಾರಾದರೂ ಬಾಯಿತಪ್ಪಿ ಕೇಳಿಬಿಟ್ಟರೆ ವಾಪಸು ಮನೆಗೆ ಬಂದು, ಒಂದು ಗಳಿಗೆ ಕೂತು, ಒಂದು ಲೋಟ ನೀರು ಕುಡಿದು, ಹೊಸದಾಗಿ ಹೊರಡಬೇಕು. ಇದು ನಮ್ಮ ಸೋದರತ್ತೆಯ, ಅಂದರೆ ನಮ್ಮಪ್ಪನ ಅಕ್ಕನ, ಕಾನೂನು. ಪಾಂಡವಪುರದ ಆಚೆಗಿರುವ ನಮ್ಮ ಊರಿನಲ್ಲಿ ಈ ಕಾನೂನು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಕೇಳುತ್ತಾರೆ. ಕೇಳದೆ ಇರುವುದು ನಮ್ಮ ಜನದ ಕೈಲಿ ಆಗುವ ಕೆಲಸವಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ವಾಪಸು ಬಂದರೆ ಎತ್ತುಗಳಿಗೂ ಒಂದು ಬಾಯಿ ಹುಲ್ಲು ಸಿಗುತ್ತಿತ್ತು. ಕಾರಿನ ಕಾಲದಲ್ಲಿ ಇದು ಎಂಥ ದುಬಾರಿ ಶಾಸ್ತ್ರ ಅನ್ನುವುದು, ತಮ್ಮನಿಗೆ ಹೆಣ್ಣು ನೋಡಲು ಹೊರಟ ದಿನ ನಮಗೆ ಗೊತ್ತಾಯಿತು.

ತಮ್ಮ ಊರಲ್ಲೇ ಇರುವವನು. ಕಬ್ಬು, ಭತ್ತ, ಕೊಟ್ಟಿಗೆ ತುಂಬ ಸೀಮೆಹಸು. ಕೆಟ್ಟ ಚಾಳಿ ಒಂದೂ ಇಲ್ಲ. ಡೈರಿಗೆ ಹಾಕುವ ಹಾಲಿಗೆ ನೀರು ಬೆರೆಸಿದವನೂ ಅಲ್ಲ. ವಯಸ್ಸು ಮಾತ್ರ ಮೂವತ್ತು ದಾಟಿ ದಾರಿ ಹಿಡಿದು ಹೋಗುತ್ತಿತ್ತು. ಬೇಸಾಯ ಮಾಡುವವನಿಗೆ ಹೆಣ್ಣು ಕೊಡುವವರು ನಮ್ಮ ಕಡೆ ಈಗ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹೋದ ಮನೆಯಲ್ಲೆಲ್ಲ ಉಪ್ಪಿಟ್ಟು ಕೇಸರಿಬಾತು ಕೊಟ್ಟರು, ಚೆನ್ನಾಗಿ ಮಾತಾಡಿಸಿದರು, ಹೊರಡುವಾಗ ಹೆಣ್ಣಿನ ಅಪ್ಪ 'ತಿಳಿಸ್ತೀವಿ' ಅಂದ. ತಿಳಿಸ್ತೀವಿ ಅಂದರೆ ಇಲ್ಲ ಅಂತ. ಇದನ್ನು ತಿಳಿಯಲು ನಮಗೆ ಎರಡು ಮನೆಯ ಉಪ್ಪಿಟ್ಟು ಬೇಕಾಯಿತು, ಆಮೇಲೆ ರೂಢಿಯಾಯಿತು. ತಮ್ಮ ಪ್ರತಿ ಮನೆಯಲ್ಲೂ ತಟ್ಟೆ ನೋಡಿಕೊಂಡು ಕೂರುತ್ತಿದ್ದ. ಹುಡುಗಿಗಿಂತ ಉಪ್ಪಿಟ್ಟನ್ನೇ ಅವನು ಹೆಚ್ಚು ನೋಡಿದ್ದಾನೆ.

ನಾಗಮಂಗಲದ ಕಡೆಯಿಂದ ಒಂದು ಸಂಬಂಧ ಬಂದಾಗ ಅವನು ಹಾಲು ಕರೆಯುತ್ತ, ತಲೆ ಎತ್ತದೆ ನನಗೆ ಹೇಳಿದ್ದ: "ಇದೊಂದ್ ಸಲ ಬತ್ತೀನಿ ಕಣಕ್ಕ. ಇದೂ ಆಗ್ನಿಲ್ಲ ಅಂದ್ರೆ, ಇಸ್ತ್ರಿ ಶರ್ಟ್ ಹಾಕ್ಕಳ್ಲಾ ಅಂತ ಇನ್ಯಾವತ್ತೂ ನನ್ನ ಕೇಳ್ಬ್ಯಾಡಿ."

ಅವನು ರೇಗಿ ಹೇಳಿದ್ದರೆ ನಾನೂ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದ್ದಕ್ಕೆ ಬೈಯಲೂ ಆಗಲಿಲ್ಲ. ಅವನು ಅಂದಿದ್ದನ್ನು ಮಾಡುವವನು ಅಂತ ನನಗೆ ಗೊತ್ತು.

ಅಂಥ ವಾರದಲ್ಲೇ ಪೆಟ್ರೋಲು ಮಾಯವಾಗಬೇಕೇ? ಬೆಲೆ ಏರುವುದೇನೋ ಹಳೇ ಸಂಗತಿ. ಅದಕ್ಕೆ ಬೈದು, ಟ್ಯಾಂಕು ತುಂಬಿಸಿ, ಮತ್ತೆ ಬೈಯುವುದು ನಮಗೆ ಒಗ್ಗಿಹೋಗಿತ್ತು. ಈ ಸಲ ಬೆಲೆ ಏರಿದ ಹಿಂದೆಯೇ ಟ್ಯಾಂಕರಿನವರು ಗಾಡಿ ನಿಲ್ಲಿಸುತ್ತಾರೆ ಅನ್ನುವ ಸುದ್ದಿ ಮೊಬೈಲಿನಲ್ಲಿ ಹರಿದಾಡಿತು. ಸುದ್ದಿ ನಿಜವೋ ಸುಳ್ಳೋ, ಜನ ಬಿಂದಿಗೆ, ಕ್ಯಾನು, ನೀರಿನ ಬಾಟಲಿ ಹಿಡಿದು ಬಂಕಿಗೆ ನುಗ್ಗಿ ಅದನ್ನು ನಿಜ ಮಾಡಿಬಿಟ್ಟರು. ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಹಾಲು ತರಲು ಸ್ಕೂಟರ್ ಹತ್ತುತ್ತಿದ್ದವರೆಲ್ಲ ನಡೆಯತೊಡಗಿದರು. ಎದುರುಮನೆಯವರು ಇಷ್ಟು ಕುಳ್ಳಗಿದ್ದಾರೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು; ಅಲ್ಲಿವರೆಗೆ ಅವರನ್ನು ಗಾಡಿಯ ಮೇಲೆ ಮಾತ್ರ ನೋಡಿದ್ದೆ.

ನಮ್ಮ ಮನೆಯಲ್ಲಿ ಒಂದು ಕಾರಿದೆ. ನನ್ನ ಯಜಮಾನರು ಕೆ.ಆರ್.ಎಸ್.ನಲ್ಲಿ ನೀರಾವರಿ ಕೆಲಸದಲ್ಲಿದ್ದಾರೆ. ನಾಲೆಗೆ ನೀರು ಬಿಡುವುದನ್ನು ನೋಡಿ ನೋಡಿಯೋ ಏನೋ, ಪೆಟ್ರೋಲನ್ನೂ ಹಾಗೇ ಅಳೆದು ಖರ್ಚು ಮಾಡುವ ಸ್ವಭಾವ. ಇಳಿಜಾರು ಕಂಡರೆ ಗೇರು ತೆಗೆದು ನ್ಯೂಟ್ರಲ್ ಮಾಡುತ್ತಾರೆ. ಎ.ಸಿ. ಹಾಕಿ ಅಂದರೆ, ಕಿಟಕಿ ಇರೋದು ಯಾಕೆ ಅನ್ನುತ್ತಾರೆ. ಟ್ಯಾಂಕಿನಲ್ಲಿ ಉಳಿದಿದ್ದನ್ನು ನೋಡಿ, "ಅಲ್ಲಿಗೆ ಮುಟ್ಟೋಕೆ ಆಗುತ್ತೆ, ವಾಪಸು ಬರೋಕೆ ಅಲ್ಲೇ ಎಲ್ಲಾದ್ರೂ ಹುಡುಕ್ಬೇಕು. ಒಂದು ಚೂರೂ ಅತ್ತಿತ್ತ ಹೋಗಂಗಿಲ್ಲ" ಅಂದರು. ಟೆಂಪೊ ಮಾಡಿಕೊಂಡು ಒಂದು ಮದುವೆಯಷ್ಟು ಜನ ಹೋಗಬೇಕೆಂದಿದ್ದ ಅತ್ತೆಯ ಯೋಜನೆ ಬಿದ್ದುಹೋಗಿ, ಯಜಮಾನರು, ತಮ್ಮ, ನಾನು, ಮೂವರೇ ಅಂತ ತೀರ್ಮಾನವಾಯಿತು. ಅವ್ವ ಹಸು ಬಿಟ್ಟು ಬರುವ ಹಾಗಿರಲಿಲ್ಲ.

"ಮೂರ್ ಜನ ಓದ್ರೆ ಕೆಲ್ಸ ಕೆಡ್ತದೆ," ಅಂದಳು ಅತ್ತೆ, ಆ ದಿನ ಬೆಳಗ್ಗೆ ನಾವು ಕಾರಿನಲ್ಲಿ ಊರಿಗೆ ಬಂದಾಗ, ಆಗಲೇ ರೇಷ್ಮೆ ಸೀರೆ ಉಟ್ಟು ಸಿದ್ಧಳಾಗಿ. "ಅದ್ಕೇ ನಾನೂ ಬತ್ತಿವ್ನಿ."

"ಅತ್ತೆ, ಬಸ್ಸಲ್ಲಿ ಓಗ್ಬುಡಣ. ನಂಗೂ ನಿಂಗೂ ಟಿಕೇಟೂ ಇಲ್ಲ," ಅಂದೆ ನಾನು. ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಅತ್ತೆ ನೋಡದ ದೇವಸ್ಥಾನ ಸುತ್ತಮುತ್ತ ಉಳಿದಿಲ್ಲ. ಕಿಕ್ಕೇರಿಗೆ ಹೋಗಿ ಬರಿ ಕಾಫಿ ಕುಡಿದು ಬಂದಿದ್ದೂ ಇದೆ.

"ದೇವ್ರು ಯಾವುದ್ರಲ್ ಬಂದೆ ಅಂತ ಕೇಳಲ್ಲ ಕಣವ್ವ. ಬೀಗ್ರು ಕೇಳ್ತಾರೆ," ಅಂದಳು ಅತ್ತೆ.

ಹೂವು, ಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ಊರಿಂದ ಹೊರಟೆವು. ಬೀದಿಯ ಕೊನೆಯ ನಲ್ಲಿಯ ಹತ್ತಿರ ಬಿಂದಿಗೆ ತುಂಬುತ್ತಿದ್ದ ಹೆಂಗಸೊಬ್ಬಳು ಕಾರಿನೊಳಗೆ ಬಗ್ಗಿ ನೋಡಿ, "ಎಲ್ಗೆ ಒಂಟ್ರಿ ಎಲ್ಲಾರೂವೆ?" ಅಂದಳು. ಅತ್ತೆ ಕಣ್ಣು ಮುಚ್ಚಿದಳು. ಯಜಮಾನರು ಕಾರನ್ನು ಹಿಂದಕ್ಕೆ ಬಿಟ್ಟರು. ಎಲ್ಲರೂ ಇಳಿದು ಜಗಲಿಯ ಮೇಲೆ ಕೂತೆವು, ನೀರು ಕುಡಿದೆವು, ಮತ್ತೆ ಹತ್ತಿದೆವು. "ರಿವರ್ಸಲ್ಲಿ ಜಾಸ್ತಿ ಕುಡಿಯುತ್ತೆ ಗೊತ್ತಾ," ಅಂದರು ಯಜಮಾನರು ನನ್ನ ಕಿವಿಯ ಹತ್ತಿರ. ನೀರಿನ ಮಾತೋ ಪೆಟ್ರೋಲಿನ ಮಾತೋ ಅಂತ ನಾನು ಕೇಳಲಿಲ್ಲ.

ಪಾಂಡವಪುರದ ಹತ್ತಿರ ಒಂದು ಬಂಕಿನಲ್ಲಿ ಪೆಟ್ರೋಲು ಬಂದಿತ್ತು. ನಮ್ಮ ಅದೃಷ್ಟ ತೆರೆಯಿತು ಅಂದುಕೊಂಡು ಸಾಲಿನಲ್ಲಿ ನಿಂತೆವು. ಇದ್ದದ್ದು ಸ್ವಲ್ಪವಾದ್ದರಿಂದ ಬಂಕಿನವನು ಒಬ್ಬೊಬ್ಬರನ್ನೂ ವಿಚಾರಿಸಿ ಹಾಕುತ್ತಿದ್ದ. ಆಸ್ಪತ್ರೆ, ಪರೀಕ್ಷೆ, ಮದುವೆ ಕಾರ್ಯ ಅಂದವರಿಗೆ ಹಾಕುತ್ತಿದ್ದ, ಸುಮ್ಮನೆ ತಿರುಗುವವರನ್ನು ಕಳಿಸುತ್ತಿದ್ದ. ನ್ಯಾಯವಾದ ಪದ್ಧತಿ. ನಮ್ಮ ಸರದಿ ಬಂತು. ಅವನು ಕಿಟಕಿಯಲ್ಲಿ ಬಗ್ಗಿ ಕೇಳಿದ:

"ಎಲ್ಲಿಗೆ ಸಾರ್?"

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹಿಂದಿನಿಂದ ಅವರ ತೋಳು ಚಿವುಟಿದಳು. "ದೂರ," ಅಂದಳು ತಾನೇ.

"ದೂರ ಅಂದ್ರೆ?"

"ಇಲ್ಲೇಯ."

"ಅಜ್ಜಿ, ಸರ್ಯಾಗ್ ಏಳಿ. ಆಸ್ಪತ್ರೆಗಾ?"

"ಬುಡ್ತು ಅನ್ನು ಮೊದ್ಲು."

ಅವನು ಪಾಪ ಸಾಲನ್ನೊಮ್ಮೆ ನೋಡಿ, "ಬುಡ್ತು," ಅಂದ. "ಈಗ ಏಳಿ, ಎಲ್ಲಿಗೆ?"

"ಎರಡ್ನೇ ಸಲನೂ ಕೇಳ್ಬುಟ್ಟ," ಅಂದಳು ಅತ್ತೆ ನಮ್ಮ ಕಡೆ ತಿರುಗಿ, ಸಾಕ್ಷಿ ಹೇಳಿಸುವವರ ಹಾಗೆ.

ಹೆಣ್ಣು ನೋಡಲು ಹೊರಟಿದ್ದೇವೆ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು "ಹೆಣ್ಣು" ಅನ್ನುವಷ್ಟರಲ್ಲಿ ಅತ್ತೆಯ ಅಂಗೈ ನನ್ನ ಬಾಯಿಗೆ ಬಂತು. ಅವಳ ಭಯಕ್ಕೂ ಕಾರಣವಿತ್ತು. ನಮ್ಮ ಹಿಂದೆಯೇ ಬೈಕಿನಲ್ಲಿ ದಾಯಾದಿಯೊಬ್ಬ ಕತ್ತು ಉದ್ದ ಮಾಡಿಕೊಂಡು ನಿಂತಿದ್ದ. ಹಿಂದೆ ಒಂದು ಸಂಬಂಧ ಅವನ ಬಾಯಿಂದಲೇ ಕೆಟ್ಟಿತು ಅಂತ ಅತ್ತೆಯ ನಂಬಿಕೆ. ಬಾಯಿ ಬಿಟ್ಟರೆ ಬಣ್ಣಗೇಡು. ಹಿಂದಿನವರೆಲ್ಲ ಹಾರನ್ನು ಒತ್ತತೊಡಗಿದರು. ಬಂಕಿನವನ ತಾಳ್ಮೆಯೂ ತೀರಿತು. "ಮುಂದುಕ್ ಓಗಿ ಸಾರ್, ಕೆಲ್ಸ ಇರೋರ್ಗೆ ದಾರಿ ಬುಡಿ," ಅಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಂಕಿನಿಂದ ಬರಿಗೈಲಿ ಹೊರಬಿದ್ದ ಮೇಲೆ ಅತ್ತೆ ಹೇಳಿದಳು: "ಗಾಡಿ ತಿರುಗ್ಸಿ ಅಳಿಯಂದ್ರೆ. ಮನೆಗ್ ಓಗಿ ಬರಣ."

"ಅಲ್ಲ ಕಣಮ್ಮ, ಇಲ್ಲೇ ಯಾವುದಾದ್ರೂ ಹೋಟ್ಲಲ್ಲಿ ಕೂತು ನೀರು ಕುಡಿದ್ರೆ ಆಗಲ್ವಾ?" ಯಜಮಾನರ ದನಿ ಬಿಕ್ಕುವ ಹಾಗಿತ್ತು.

"ಓಟ್ಲು ನೀರ್ಗೂ ಮನೆ ನೀರ್ಗೂ ಯತ್ವಾಸ ಇಲ್ವಾ?"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಓದಿದವಳು ನಾನು, ಕಚೇರಿಯಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುವವಳು. ಆದರೂ ಬೇಡ ಅನ್ನಲು ನಾಲಿಗೆ ಏಳಲಿಲ್ಲ. ಇದು ತಮ್ಮನ ಕೊನೆಯ ಸಲ. ನಾಳೆ ಕೆಲಸ ಕೆಟ್ಟರೆ, ಆವತ್ತು ತಿರುಗಿ ಬಂದಿದ್ದರೆ ಆಗುತ್ತಿತ್ತೇನೋ ಅನ್ನುವ ಮಾತು ನನ್ನ ತಲೆಯೊಳಗೇ ಉಳಿದುಬಿಡುತ್ತದಲ್ಲ ಅನ್ನುವ ಹೆದರಿಕೆ. ನಂಬಿಕೆ ಇಲ್ಲದವರನ್ನೂ ಶಾಸ್ತ್ರ ಹೀಗೇ ಹಿಡಿಯುವುದು. ಕಾರು ಊರಿಗೆ ತಿರುಗಿತು.

ಮೂರನೇ ಸಲ ಹೊರಟಾಗ ಅವ್ವ ಕಾರಿನ ಮುಂದೆ ನಡೆದುಹೋಗಿ, ಬೀದಿಯಲ್ಲಿದ್ದವರನ್ನೆಲ್ಲ ಒಳಗೆ ಕಳಿಸಿದಳು. ಇಡೀ ಬೀದಿ ಕಿಟಕಿಯಿಂದ ನಮ್ಮನ್ನು ನೋಡಿತು. ಒಬ್ಬರೂ ತುಟಿ ಬಿಚ್ಚಲಿಲ್ಲ. ನಾವು ಎಲ್ಲಿಗೆ ಹೋಗುತ್ತಿದ್ದೇವೆ ಅನ್ನುವುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು ಅಂತ ಕಾಣುತ್ತದೆ.

ಜಕ್ಕನಹಳ್ಳಿ ದಾಟುವ ತನಕ ಯಜಮಾನರು ಉಸಿರನ್ನೂ ಅಳೆದು ಬಿಟ್ಟರು. ಗಾಳಿ ತಡೆದು ಪೆಟ್ರೋಲು ಹೆಚ್ಚು ಹೋಗುತ್ತದೆ ಅಂತ ಕಿಟಕಿಗಳನ್ನೂ ಏರಿಸಿದರು. ಒಳಗೆ ಬಾಳೆಹಣ್ಣು, ಮಲ್ಲಿಗೆ, ಬೆವರು ಸೇರಿ ಅಭಿಷೇಕದ ವಾಸನೆ. ಮೇಲುಕೋಟೆ ಬೆಟ್ಟ ಪಕ್ಕಕ್ಕೆ ಬಂದಾಗ ಅತ್ತೆ ಕೈ ಮುಗಿದಳು. ಯಜಮಾನರೂ ಮುಗಿದರು, ಆದರೆ ಅವರ ಕಣ್ಣು ಪೆಟ್ರೋಲಿನ ಮುಳ್ಳಿನ ಮೇಲಿತ್ತು. ಹುಡುಗಿಯ ಊರಿಗೆ ತಿರುಗುವ ದಾರಿ ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಕೆರೆ ಏರಿಯ ಹತ್ತಿರ ಕಾರು ಎರಡು ಸಲ ಕೆಮ್ಮಿ ನಿಂತಿತು. ನಾವು ತಿರುಗಿ ಹೋಗಿ ಬಂದ ದಾರಿಯಷ್ಟೇ ಕಮ್ಮಿ ಬಿದ್ದಿತ್ತು ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಹುಡುಗಿಯ ಅಪ್ಪನಿಗೆ ಫೋನು ಮಾಡುವುದು ಬಿಟ್ಟು ದಾರಿಯಿರಲಿಲ್ಲ. "ಪೆಟ್ರೋಲ್ ಮುಗೀತು ಅಂತ ಅನ್ಬ್ಯಾಡಿ ಮತ್ತೆ. ಎಣ್ಣೆಗೂ ಗತಿಯಿಲ್ದೋರು ಅಂದ್ಕತಾರೆ," ಅಂದಳು ಅತ್ತೆ. "ಪಂಚರ್ ಅನ್ನಿ. ಸಾವ್ರ ಸುಳ್ಳೇಳಿ ಒಂದ್ ಮದ್ವೆ ಮಾಡು ಅಂದವ್ರೆ." ಯಜಮಾನರು ಪಂಚರ್ ಅಂದರು. ಹುಡುಗಿಯ ಅಪ್ಪ ಕಾಲು ಮುರಿದುಕೊಂಡು ಮನೆಯಲ್ಲಿ ಕೂತಿದ್ದರು. ಯಾರನ್ನಾದರೂ ಕಳಿಸುತ್ತೇನೆ ಅಂದರು.

ಸ್ವಲ್ಪ ಹೊತ್ತಿಗೆ ಒಂದು ಟ್ರಾಕ್ಟರು ಬಂತು. ಓಡಿಸುತ್ತಿದ್ದವಳು ಒಬ್ಬ ಹುಡುಗಿ. ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಹಳೇ ಶರ್ಟು, ತಲೆಗೆ ಟವೆಲು, ಕಾಲಿಗೆ ಗದ್ದೆಯ ಕೆಸರು. ಯಾರೋ ಕೆಲಸದವಳನ್ನು ಕಳಿಸಿದ್ದಾರೆ ಅಂದುಕೊಂಡು ಅತ್ತೆ ಸೆರಗು ಸರಿಮಾಡಿಕೊಂಡು ವಿಚಾರಿಸಿದಳು:

"ಬಾ ಕಣವ್ವ. ಗೌಡ್ರು ಕಳುಸುದ್ರಾ? ಎಣ್ಣು ರೆಡಿಯಾಗವ್ಳಾ ಮನೇಲಿ?"

"ಇನ್ನೂ ಇಲ್ಲ ಕಣಜ್ಜಿ," ಅಂದಳು ಅವಳು ಇಳಿಯುತ್ತ. "ಟ್ರಾಕ್ಟರ್ ಓಡಿಸ್ತಾವ್ಳೆ."

ಅತ್ತೆಯ ಬಾಯಿ ಕಟ್ಟಿದ್ದನ್ನು ನಾನು ನನ್ನ ಜೀವಮಾನದಲ್ಲಿ ಆವತ್ತೇ ನೋಡಿದ್ದು. ಹುಡುಗಿ ಟೂಲ್‌ ಬಾಕ್ಸಿನಿಂದ ಜಾಕ್ ತೆಗೆದು, "ಯಾವ್ ಚಕ್ರ?" ಅಂತ ಕಾರಿನ ಸುತ್ತ ಒಂದು ಸುತ್ತು ಬಂದಳು. ನಾಲ್ಕು ಚಕ್ರವೂ ಗುಂಡಗೆ, ಗಟ್ಟಿಯಾಗಿ ನಿಂತಿದ್ದವು. ಯಜಮಾನರು ಆಕಾಶ ನೋಡಿದರು. ನಾನು ಕೆರೆ ನೋಡಿದೆ.

"ಪಂಚರ್ ಅಲ್ಲ ಕಣ್ರೀ. ಪೆಟ್ರೋಲ್ ಖಾಲಿ," ಅಂದ ತಮ್ಮ. "ಏಳೋಕೆ ನಾಚ್ಕೆ ಆಯ್ತು ನಮ್ಮೋರ್ಗೆ."

ಅವಳು ಅವನನ್ನು ಮೊದಲ ಸಲ ನೇರವಾಗಿ ನೋಡಿದಳು. ಜಾಕ್ ವಾಪಸು ಇಟ್ಟು, ಟ್ರಾಕ್ಟರಿನಿಂದ ಹಗ್ಗದ ಸುರುಳಿ ಎಳೆದು ಅವನ ಕಡೆಗೆ ಎಸೆದಳು. ನನ್ನ ತಮ್ಮ, ಅದೇ ಕೊನೆಯ ಇಸ್ತ್ರಿ ಶರ್ಟಿನಲ್ಲಿ, ಮಣ್ಣಿನ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ನುಸುಳಿದ. ಶರ್ಟು ಶರ್ಟು ಅಂತ ನಾನು ಕೂಗಿಕೊಂಡರೂ ಅವನಿಗೆ ಕೇಳಿಸಲಿಲ್ಲ. ಎದ್ದುಬಂದಾಗ ಬೆನ್ನೆಲ್ಲ ಕೆಮ್ಮಣ್ಣು, ಎದೆಯ ಮೇಲೆ ಗ್ರೀಸು. ಅವಳು ಗಂಟನ್ನು ಎಳೆದು ನೋಡಿ, "ಓರಿ ಕಟ್ಟೋ ಗಂಟು," ಅಂದಳು. "ನಮ್ಮನೇಲೂ ಇಂಗೇ ಆಕದು."

ಇಷ್ಟು ಸಾಕಾಯಿತು. ಹಗ್ಗ ನೋಡಿಕೊಳ್ಳುತ್ತೇನೆ ಅನ್ನುವ ನೆಪದಲ್ಲಿ ತಮ್ಮ ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತ. ನಾವು ಮೂವರು ಕಾರಿನೊಳಗೆ ಕೂತು ಹಗ್ಗದ ತುದಿಯಲ್ಲಿ ಹೋದೆವು. ಪೆಟ್ರೋಲ್ ಇಲ್ಲದೆ ಕಾರು ಓಡುತ್ತಿದ್ದುದು ಯಜಮಾನರಿಗೆ ಒಳಗೊಳಗೇ ಖುಷಿಯಾಗಿತ್ತು. ಸ್ಟೀರಿಂಗ್ ಹಿಡಿದ ಅವರ ಮುಖದಲ್ಲಿ ಅಂಥ ಶಾಂತಿಯನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಅತ್ತೆ ಮಾತ್ರ ಸೆರಗನ್ನು ಮುಖದ ತನಕ ಎಳೆದುಕೊಂಡಿದ್ದಳು. ನಾನು ಮುಂದಿನ ಗಾಜಿನಲ್ಲಿ ತಮ್ಮನನ್ನೇ ನೋಡುತ್ತಿದ್ದೆ. ಅವನು ಮಾತಾಡುತ್ತಿದ್ದ. ಕೈ ಆಡಿಸಿ, ಚಿವುಟುವ ಹಾಗೆ ಮಾಡಿ, ಬಂಕಿನವನ ಹಾಗೆ ಬಗ್ಗಿ ತೋರಿಸಿ, ಬೆಳಗಿನಿಂದ ನಡೆದಿದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದ. ಟ್ರಾಕ್ಟರಿನ ಸದ್ದಿನಲ್ಲಿ ನಮಗೆ ಏನೂ ಕೇಳಿಸಲಿಲ್ಲ, ಅವಳ ಭುಜ ನಗುವಿಗೆ ಕುಣಿಯುವುದು ಮಾತ್ರ ಕಾಣುತ್ತಿತ್ತು. ಹುಡುಗಿಯರ ಮುಂದೆ ತಟ್ಟೆ ನೋಡುವ ನನ್ನ ತಮ್ಮ ಇವನೇನಾ ಅಂತ ನನಗೆ ಕಣ್ಣು ತುಂಬಿ ಬಂತು.

ಊರೊಳಗೆ ನಮ್ಮ ಮೆರವಣಿಗೆಯನ್ನು ಊರೇ ನೋಡಿತು. "ಎಲ್ಲಿಂದ ಎಳ್ಕಬಂದ್ಯವ್ವ?" ಅಂತ ಯಾರೋ ಮುದುಕ ಕೇಳಿದ. "ಕೆರೆ ಏರಿಯಿಂದ," ಅಂದಳು ಅವಳು. ಆಪತ್ತಿಗಾದವನೇ ನೆಂಟ ಅಂತಾರೆ. ನೆಂಟಸ್ತನ ಆಗುವ ಮೊದಲೇ ಆಪತ್ತಿಗೆ ಆದವಳು ಇವಳೊಬ್ಬಳೇ ಇರಬೇಕು.

ಆದರೆ ಮನೆಯೊಳಗೆ ಹೋದ ಮೇಲೆ ಎಲ್ಲ ಹಳೇ ಕತೆ. ಅವಳು ಕೈಕಾಲು ತೊಳೆದು, ಸೀರೆ ಉಟ್ಟು, ತಲೆ ತಗ್ಗಿಸಿ, ನಮ್ಮನ್ನು ಈಗಲೇ ಮೊದಲ ಸಲ ನೋಡುತ್ತಿರುವವಳ ಹಾಗೆ ಕಾಫಿ ತಂದಳು. ತಮ್ಮ ಉಪ್ಪಿಟ್ಟಿನ ತಟ್ಟೆ ನೋಡಿಕೊಂಡು ಕೂತ. ಏನಾದರೂ ಕೇಳುವುದಿದ್ದರೆ ಕೇಳಪ್ಪ ಅಂದರೆ ಇಲ್ಲ ಅಂತ ತಲೆಯಾಡಿಸಿದ. ಅವಳೂ ಇಲ್ಲ ಅಂದಳು. ನನಗೆ ಇಬ್ಬರಿಗೂ ಎರಡೇಟು ಬಿಡೋಣ ಅನ್ನಿಸಿತು. ಅವಳ ಅಪ್ಪ ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಮಳೆ, ಕಬ್ಬು, ಹಾಲಿನ ಫ್ಯಾಟು ಎಲ್ಲ ವಿಚಾರಿಸಿದರು. ನಾವು ಏಳುವ ಹೊತ್ತಿಗೆ ಕೈ ಮುಗಿದು ಹೇಳಿದರು:

"ಆಗ್ಲಿ ಕಣವ್ವ. ಮನೇಲೆಲ್ಲ ಮಾತಾಡ್ಕಂಡು ತಿಳಿಸ್ತೀವಿ."

ಮತ್ತೆ ಅದೇ ಮಾತು. ತಮ್ಮ ಎದೆಯ ಮೇಲಿನ ಗ್ರೀಸಿನ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಹೊರಗೆ ನಡೆದ. ಅದು ಹೋಗುವ ಕಲೆಯಲ್ಲ ಅಂತ ಅವನಿಗೂ ಗೊತ್ತಿತ್ತು.

ಇಡೀ ತಾಲ್ಲೂಕಿನಲ್ಲಿ ಆವತ್ತು ತುಂಬಿದ ಟ್ಯಾಂಕು ಇದ್ದದ್ದು ಕಾಲು ಮುರಿದುಕೊಂಡವರ ಬೈಕಿನಲ್ಲಿ ಮಾತ್ರ. ಅವರು ಒತ್ತಾಯ ಮಾಡಿ, ಅದರಿಂದ ಪೈಪು ಹಾಕಿ ಪೆಟ್ರೋಲು ತೆಗೆಸಿ ನಮ್ಮ ಕಾರಿಗೆ ಹಾಕಿಸಿದರು. ಅಷ್ಟು ಒಳ್ಳೆಯವರು. ಒಳ್ಳೆಯವರ ಮನೆಯ ಇಲ್ಲ ಇನ್ನೂ ಹೆಚ್ಚು ನೋಯುತ್ತದೆ. ನಾಲ್ವರೂ ಕಾರು ಹತ್ತಿದೆವು. ಅತ್ತೆ, "ಮೂರ್ ಸಲ ಕೇಳುಸ್ಕಂಡ್ ಬಂದ್ರೆ ಇನ್ನೇನಾಯ್ತದೆ," ಅಂತ ಮೂಗು ಒರೆಸಿಕೊಂಡಳು. ಯಜಮಾನರು ಸ್ಟಾರ್ಟ್ ಮಾಡಿದರು. ಗೇರು ಬಿತ್ತು.

ಆಗ ಅವಳು ಒಳಗಿನಿಂದ ಬಂದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಸಿಲು ದಾಟಿ, ಜಗಲಿ ಇಳಿದು, ಕಾರಿನ ಕಿಟಕಿಯ ಹತ್ತಿರ ನಿಂತಳು. ಬಗ್ಗಿ, ತಮ್ಮನ ಮುಖವನ್ನೇ ನೋಡುತ್ತ, ಊರಿಗೆಲ್ಲ ಕೇಳಿಸುವ ಹಾಗೆ ಕೇಳಿದಳು:

"ಎಲ್ಗೆ ಒಂಟ್ರಿ?"

ಅವಳ ಅಪ್ಪ ಕೂತಲ್ಲಿಂದಲೇ ಗದರಿದರು: "ಒಂಟೋರ್ನ ಅಂಗೆ ಕೇಳ್ಬಾರ್ದು ಕಣವ್ವ. ಓದ್ ಕೆಲ್ಸ ಆಗಲ್ಲ."

"ಗೊತ್ತು ಕಣಪ್ಪ," ಅಂದಳು ಅವಳು, ಕಣ್ಣು ತೆಗೆಯದೆ. "ಕೇಳ್ಬುಟ್ಟಿವ್ನಲ್ಲ. ಈಗ ಮನೆ ಒಳಿಕ್ ಬಂದು, ಕೂತ್ಕಂಡು, ನೀರ್ ಕುಡೀಬೇಕು."

ನಮ್ಮ ಯಜಮಾನರು ಆವತ್ತು ಮೊದಲ ಸಲ ಗೊಣಗದೆ ಕೀ ತಿರುಗಿಸಿ ಕಾರು ಆಫ್ ಮಾಡಿದರು. ಅತ್ತೆ ಚಪ್ಪಲಿ ಹುಡುಕಲೂ ನಿಲ್ಲದೆ ಬರಿಗಾಲಲ್ಲೇ ಇಳಿದಳು. ನಾನು ಬಾಗಿಲು ತೆಗೆದು ನೋಡಿದರೆ ಪಕ್ಕದಲ್ಲಿ ತಮ್ಮ ಇರಲಿಲ್ಲ. ಅವನು ಆಗಲೇ ಜಗಲಿ ಹತ್ತಿದ್ದ.

ಒಳಗೆ ಹೋಗಿ ಕೂತೆವು. ಅವಳು ನೀರು ತಂದಳು. ತಮ್ಮ ಒಂದು ಲೋಟ ಕುಡಿದು, ತಲೆ ಎತ್ತಿ ಅವಳನ್ನು ನೋಡಿ, ಇನ್ನೊಂದು ಲೋಟ ಕೇಳಿದ.